ಒಳಗಿರುವವರು: ಒಂದು

ಆ ಕೋಲ್ಡ್ ಸ್ಟೋರೇಜಿಗೆ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಗಿಲ ಮಾವ ನನಗೊಂದು ಲೆಕ್ಕ ಹೇಳಿಕೊಟ್ಟರು. ಕಂಪ್ಯೂಟರಿನ ಪರದೆಯ ಮೇಲ್ಗಡೆ ದೊಡ್ಡ ಕೆಂಪು ಅಂಕಿ ಇದೆಯಲ್ಲ, ಅದರಲ್ಲಿ ಯಾವಾಗಲೂ ಒಂದನ್ನು ಕಳೆದು ಓದಬೇಕು. ನಾಲ್ಕು ಇದ್ದರೆ ಮೂರು. ಎರಡಿದ್ದರೆ ಒಂದು. ಒಂದಿದ್ದರೆ ಒಳಗೆ ಯಾರೂ ಇಲ್ಲ ಅಂತ, ಬಾಗಿಲು ಹಾಕಿಕೊಂಡು ಮನೆಗೆ ಹೋಗಬಹುದು. ಯಾಕೆ ಹಾಗೆ ಅಂತ ಕೇಳಿದ್ದಕ್ಕೆ, ಅದೊಂದು ಹಾಗೇ ಇರುತ್ತದೆ, ಅದರ ಪಾಡಿಗೆ ಅದನ್ನು ಬಿಟ್ಟುಬಿಡು ಅಂದರು.

ಅವರು ನಮ್ಮಲ್ಲಿ ಯಾರಿಗೂ ಸಂಬಂಧದಲ್ಲಿ ಮಾವನಲ್ಲ. ಇಪ್ಪತ್ತೈದು ವರ್ಷದಿಂದ ಫ್ರೀಜರ್ ಕೋಣೆಗಳ ಬಾಗಿಲು ಕಾಯುತ್ತಿದ್ದರಿಂದ ಎಲ್ಲರಿಗೂ ಮಾವ ಆಗಿಬಿಟ್ಟಿದ್ದರು. ನಾಲ್ಕು ಕೋಣೆ, ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ, ಚಾವಣಿಯವರೆಗೆ ಮೀನಿನ ಪೆಟ್ಟಿಗೆ, ಬಟಾಣಿಯ ಚೀಲ. ಕೋಣೆಗಳ ಮುಂದಿನ ಹಜಾರದಲ್ಲಿ ಒಂದು ಮೇಜು, ಅದರ ಮೇಲೊಂದು ಹಳೆಯ ಕಂಪ್ಯೂಟರ್. ಮೂವತ್ತು ಜನ ಕೆಲಸಗಾರರ ಹೆಸರು ಒಂದರ ಕೆಳಗೊಂದು ಇರುವ ಹಾಳೆ ಅದರಲ್ಲಿ ಸದಾ ತೆರೆದಿರುತ್ತಿತ್ತು. ಒಳಗೆ ಹೋದ ಸಮಯಕ್ಕೊಂದು ಚೌಕ, ಹೊರಗೆ ಬಂದ ಸಮಯಕ್ಕೊಂದು ಚೌಕ. ಹೋದವರಲ್ಲಿ ಬಂದವರನ್ನು ಕಳೆದು, ಒಳಗಿರುವವರು ಇಷ್ಟು ಅಂತ ಮೇಲಿನ ಕೆಂಪು ಅಂಕಿ ತಾನಾಗಿಯೇ ತೋರಿಸುತ್ತಿತ್ತು. ಅದೇ ಹಾಳೆ ನನ್ನ ಆಫೀಸಿನ ಕಂಪ್ಯೂಟರಿನಲ್ಲೂ ಕಾಣುತ್ತಿತ್ತು.

ಈ ಅಂಕಿಯ ಮೇಲೆ ಜೀವ ನಿಂತಿತ್ತು. ಮೂರನೆಯದೂ ಸೇರಿ ಎರಡು ಕೋಣೆಗಳ ಬಾಗಿಲನ್ನು ಒಳಗಿನಿಂದ ತಳ್ಳಿ ತೆಗೆಯುವ ಗುಂಡಿ ಮಂಜು ಹಿಡಿದು ಕೆಟ್ಟು ತಿಂಗಳುಗಳೇ ಆಗಿದ್ದವು. ಮ್ಯಾನೇಜರ್ ಕೇಳಿದಾಗಲೆಲ್ಲ ಆಯಿತು, ಮಾಡಿಸೋಣ ಅನ್ನುತ್ತಿದ್ದ. ಸಂಜೆ ಐದೂವರೆಗೆ ಬಾಗಿಲು ಬಿದ್ದರೆ ಮತ್ತೆ ತೆಗೆಯುವುದು ಬೆಳಿಗ್ಗೆ ಏಳಕ್ಕೆ. ಅಷ್ಟು ಹೊತ್ತು ಒಳಗೆ ಉಳಿದವರು ಉಳಿಯುವುದಿಲ್ಲ ಅನ್ನುವುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುವ ಕೆಲಸಕ್ಕೆ ನನ್ನನ್ನು ಸೇರಿಸಿದ್ದು ನನ್ನ ನಾದಿನಿ, ಗಂಡನ ತಂಗಿ. ಮೂರನೇ ಕೋಣೆಯಲ್ಲಿ ಪೆಟ್ಟಿಗೆ ಜೋಡಿಸುವುದು ಅವಳ ಕೆಲಸ. ಮನೆಯಲ್ಲಿ ನಮ್ಮಿಬ್ಬರಿಗೂ ಹಾವು ಮುಂಗುಸಿ. ನಾನು ಇಟ್ಟ ಪಾತ್ರೆ ಅವಳಿಗೆ ಸರಿಬರುವುದಿಲ್ಲ, ಅವಳು ಮಡಚಿದ ಬಟ್ಟೆ ನನಗೆ ಸರಿಬರುವುದಿಲ್ಲ. ಆದರೆ ನನಗೆ ಜ್ವರ ಬಂದ ವಾರ ಮೂಗು ಮುರಿಯುತ್ತಲೇ ನನ್ನ ತಲೆ ಬಾಚಿದವಳೂ ಅವಳೇ. ಅವಳಿಲ್ಲದ ಮನೆ ನನಗೆ ಒಂದು ದಿನವೂ ಬೇಡ ಅನ್ನುವುದನ್ನು ಅವಳೆದುರು ಒಪ್ಪಿಕೊಂಡವಳಲ್ಲ ನಾನು.

ಕೆಂಪು ಅಂಕಿಯಲ್ಲಿ ಒಂದು ಯಾಕೆ ಹೆಚ್ಚು ಅಂತ ನನಗೆ ಹೇಳಿದ್ದೂ ಅವಳೇ. ಎರಡು ವರ್ಷದ ಹಿಂದೆ ಗಡ್ಡದಣ್ಣ ಅನ್ನುವವನೊಬ್ಬ ಮೂರನೇ ಕೋಣೆಯೊಳಗೆ ಹೋದ, ಪೆಟ್ಟಿಗೆ ಎತ್ತುತ್ತಿರುವಾಗಲೇ ಅವನ ಎದೆಬಡಿತ ನಿಂತುಹೋಯಿತು. ನಾಲ್ಕು ಜನ ಹೊತ್ತು ತಂದು ಹಜಾರದಲ್ಲಿ ಮಲಗಿಸಿದರು. ಅಲ್ಲಿನ ಪದ್ಧತಿ ಏನೆಂದರೆ, ಹೊರಗೆ ಬಂದವರು ಮೇಜಿನ ಮುಂದೆ ನಿಂತು ತಮ್ಮ ಹೆಸರನ್ನು ತಾವೇ ಹೇಳಬೇಕು. ಆಮೇಲಷ್ಟೇ ಮಾವ ಹೊರಬಂದ ಸಮಯ ಹೊಡೆಯುವುದು. ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಗಡ್ಡದಣ್ಣ ಹೆಸರು ಹೇಳಲಿಲ್ಲ. ಮಾವ ಅವನ ಚೌಕ ತುಂಬಲಿಲ್ಲ. ಅಂದಿನಿಂದ ಅಂಕಿಯಲ್ಲಿ ಒಂದು ಹೆಚ್ಚು.

"ಹೆದರಿಕೆ ಆಗಲ್ವಾ ನಿಂಗೆ?" ಅಂತ ಕೇಳಿದೆ.

"ಮೊದಮೊದಲು ಆಗ್ತಿತ್ತು. ಈಗ ಇಲ್ಲ ಅತ್ತಿಗೆ. ಅವನು ಒಳಗಿದ್ದಾನೆ ಅಂದ್ರೆ ಧೈರ್ಯ."

ಒಳಗಿನ ಕೊಳವೆಗಳಲ್ಲಿ ಮಂಜುಗಡ್ಡೆ ಬಿರಿದಾಗ ಟಕ್ ಟಕ್ ಅಂತ ಸದ್ದಾಗುತ್ತಿತ್ತು. ಒಮ್ಮೊಮ್ಮೆ ಬಾಗಿಲನ್ನೇ ಯಾರೋ ತಟ್ಟಿದ ಹಾಗೆ ಕೇಳುತ್ತಿತ್ತು. ಹಜಾರದಲ್ಲಿ ಯಾರೂ ತಲೆಯೆತ್ತುತ್ತಿರಲಿಲ್ಲ. ಮೊದಲ ವಾರ ನಾನು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ. ಆಮೇಲೆ ನಾನೂ ಅವರಂತೆಯೇ ಆದೆ. ಎರಡು ಕಂಡರೆ ಒಂದು ಅಂತ, ಒಂದು ಕಂಡರೆ ಸೊನ್ನೆ ಅಂತ ಕಣ್ಣು ತಾನಾಗಿಯೇ ಓದಿಕೊಳ್ಳತೊಡಗಿತು. ಆರು ತಿಂಗಳು ಹೀಗೇ ಕಳೆಯಿತು.

ಆಮೇಲೆ ಮ್ಯಾನೇಜರಿಗೆ ಜ್ಞಾನೋದಯವಾಯಿತು. ಸುರಕ್ಷತೆ ಪರೀಕ್ಷಿಸುವವರು ಮುಂದಿನ ವಾರ ಬರುತ್ತಾರಂತೆ, ಹಾಳೆ ಸರಿಯಿರಬೇಕಂತೆ. ಮಾವ ಇನ್ನೆರಡು ತಿಂಗಳಿಗೆ ನಿವೃತ್ತರಾಗುವುದರಿಂದ ಪ್ರತಿಯೊಬ್ಬರೂ ತಮ್ಮ ಸಮಯವನ್ನು ತಾವೇ ಹೊಡೆಯಲು ಕಲಿಯಬೇಕಂತೆ. ಹೊಸದಾಗಿ ಸೇರಿದ ಮೂವರ ಹೆಸರೂ ಹತ್ತಬೇಕು. ಗುಂಡಿ ರಿಪೇರಿಯ ಮಾತು ಮಾತ್ರ ಎತ್ತಲಿಲ್ಲ ಪುಣ್ಯಾತ್ಮ.

ಹಾಳೆಗೆ ಬೀಗ ಹಾಕಿತ್ತು. ಹಿಂದೆ ಯಾರೋ ಊಟದ ಡಬ್ಬಿಗಳ ಲೆಕ್ಕವನ್ನು ಕೆಂಪು ಅಂಕಿಯ ಮೇಲೆಯೇ ಹೊಡೆದು, ಎರಡು ದಿನ ಒಳಗಿರುವವರು ಇಪ್ಪತ್ತಾರು ಅಂತಲೇ ತೋರಿಸಿತ್ತಂತೆ. ಅದಕ್ಕೇ ನನಗಿಂತ ಮುಂಚೆ ಇದ್ದ ಮೇಡಂ ಪಾಸ್‌ವರ್ಡ್ ಹಾಕಿದ್ದಳು. ಅವಳು ಕೆಲಸ ಬಿಟ್ಟು ಬೇರೆಲ್ಲೋ ಸೇರಿದ್ದಳು. ಫೋನ್ ಮಾಡಿದೆ. ಪಾಸ್‌ವರ್ಡ್ ಹೇಳಿದಳು, ಆಮೇಲೆ ಇನ್ನೊಂದು ಮಾತು ಸೇರಿಸಿದಳು.

"ನಲವತ್ತನೇ ಸಾಲು ನೋಡ್ತೀರಿ. ಅಲ್ಲಿ ಏನೂ ಇಲ್ಲದ ಹಾಗೆ ಕಾಣುತ್ತೆ. ಅದನ್ನ ತೆಗೆಯೋದಾದ್ರೆ ಯೋಚನೆ ಮಾಡಿ ತೆಗೀರಿ. ಜನ ಅದಕ್ಕೆ ಒಗ್ಗಿಬಿಟ್ಟಿದ್ದಾರೆ."

ಮೂವತ್ತು ಹೆಸರು ಮುಗಿದ ಮೇಲೆ ಖಾಲಿ ಸಾಲುಗಳು, ಅವುಗಳ ಕೆಳಗೆ ನಲವತ್ತನೆಯದು. ಬಿಳಿ ಚೌಕದ ಮೇಲೆ ಬಿಳಿ ಅಕ್ಷರ. ಬಣ್ಣ ಬದಲಿಸಿದ ಕೂಡಲೇ ಗಡ್ಡದಣ್ಣನ ನಿಜವಾದ ಹೆಸರು ಮೂಡಿತು, ಅದರ ಪಕ್ಕದಲ್ಲಿ ಒಂಬತ್ತು ಗಂಟೆ ಹತ್ತು ನಿಮಿಷ, ಅದರಾಚೆಗೆ ಏನೂ ಇಲ್ಲ. ಅಳಿಸಿ ಅಂದರೆ ಮಾವ ಬೇಡ ಅಂದಿದ್ದರಂತೆ. ಅದಕ್ಕೆ ಆ ಮೇಡಂ ಸಾಲನ್ನು ಎಲ್ಲರಿಗಿಂತ ಕೆಳಗೆ ಇಳಿಸಿ, ಅಕ್ಷರಕ್ಕೆ ಬಿಳಿ ಬಳಿದು, ಬೀಗ ಹಾಕಿಬಿಟ್ಟಿದ್ದಳು. ದಿನಾ ಬೆಳಿಗ್ಗೆ ಮಾವ ಎಲ್ಲರ ಚೌಕಗಳನ್ನೂ ಖಾಲಿ ಮಾಡಿದರೂ ಅದೊಂದು ಉಳಿದುಕೊಳ್ಳುತ್ತಿತ್ತು. ಇಷ್ಟೇ ಗುಟ್ಟು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅವತ್ತು ಅದನ್ನು ಮುಟ್ಟದೆ ಮತ್ತೆ ಬಿಳಿ ಮಾಡಿಟ್ಟೆ.

ಮೊದಲು ಕಲಿಸುವ ಕೆಲಸ ಹಿಡಿದೆ. ಹಾಳೆಯ ಬೀಗದ ತಮಾಷೆ ಏನೆಂದರೆ, ಅದರ ಪ್ರತಿಯೊಂದು ಚೌಕವೂ ಬೀಗದ ಗುರುತು ಹೊತ್ತುಕೊಂಡೇ ಹುಟ್ಟುತ್ತದೆ. ಜನ ಬರೆಯಬೇಕಾದ ಚೌಕಗಳಿಂದ ಆ ಗುರುತನ್ನು ಮೊದಲು ತೆಗೆದು, ಆಮೇಲೆ ಇಡೀ ಹಾಳೆಗೆ ಬೀಗ ಜಡಿಯಬೇಕು. ನಾನು ಅವಸರದಲ್ಲಿ ಉಲ್ಟಾ ಮಾಡಿದೆ. ಮರುದಿನ ಬೆಳಿಗ್ಗೆ ಮೂವತ್ತಮೂರು ಜನ ಸಾಲಾಗಿ ನಿಂತಿದ್ದಾರೆ, ಒಬ್ಬರಿಗೂ ಒಂದಕ್ಷರ ಹೊಡೆಯಲಾಗುತ್ತಿಲ್ಲ, ಮಾವ ಸಮಯಗಳನ್ನು ತಮ್ಮ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಾರೆ. ಓಡಿಹೋಗಿ ಬೀಗ ತೆಗೆದು, ಬರೆಯುವ ಚೌಕಗಳಿಗೆಲ್ಲ ಹಳದಿ ಬಳಿದು, ಸರಿಮಾಡಿದೆ. ಹಳದಿ ಕಂಡಲ್ಲಿ ಬರೀರಿ, ಬೇರೆ ಕಡೆ ಬೆರಳಿಡಬೇಡಿ ಅಂತ ಗಂಟಲು ಹರಿದುಕೊಂಡೆ. ಬೆರಳಿಟ್ಟರೆ, ಇದಕ್ಕೆ ಬೀಗವಿದೆ ಅಂತ ಒಂದು ಸೂಚನೆ ಎದ್ದು ನಿಲ್ಲುತ್ತಿತ್ತು. ಅದನ್ನು ಕಂಡ ಟ್ರಾಲಿಯವನು ಕಂಪ್ಯೂಟರನ್ನೇ ಕೆಡಿಸಿಬಿಟ್ಟೆ ಅಂದುಕೊಂಡು ಎರಡು ದಿನ ಕೆಲಸಕ್ಕೇ ಬರಲಿಲ್ಲ.

ಎಲ್ಲರಿಗಿಂತ ಮೊಂಡು ನನ್ನ ನಾದಿನಿ. ಹದಿನೆಂಟು ಕಿಲೋ ಪೆಟ್ಟಿಗೆಯನ್ನು ಹೂವಿನ ಹಾಗೆ ಎತ್ತುವವಳು ಕೀಬೋರ್ಡ್ ಮುಟ್ಟು ಅಂದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಮಾವನಿಗೆ ಹೆಸರು ಹೇಳಿದರೆ ಸಾಲದಾ, ಇದೆಲ್ಲ ನಿಮ್ಮ ದೊಡ್ಡಸ್ತಿಕೆ ಅಂತ ನನಗೇ ತಿರುಗೇಟು. ಮೂರು ದಿನ ಮನೆಯಲ್ಲೂ ಅವಳ ಬೆನ್ನು ಹತ್ತಿದೆ. ಇಷ್ಟೂ ಕಲಿಯದಿದ್ದರೆ ನನ್ನ ಮರ್ಯಾದೆ ಏನಾಗಬೇಕು ಅಂತ ಬೈದೆ. ಶುಕ್ರವಾರ ಬೆಳಿಗ್ಗೆ ನಾನು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ, ನಾಲಿಗೆ ಕಚ್ಚಿಕೊಂಡು, ಒಂದು ತಪ್ಪೂ ಇಲ್ಲದೆ ಸಮಯ ಹೊಡೆದಳು. ಹೊಡೆದು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನನಗೆ ನಿಜಕ್ಕೂ ಖುಷಿಯಾಯಿತು.

ಆ ಖುಷಿಯಲ್ಲೇ ಇರಬೇಕು, ಅವತ್ತು ಮಧ್ಯಾಹ್ನ ನಲವತ್ತನೇ ಸಾಲನ್ನು ಅಳಿಸಿದೆ. ಎಲ್ಲರೂ ಊಟಕ್ಕೆ ಹೊರಗೆ ಬಂದಿದ್ದರು. ಕೆಂಪು ಅಂಕಿ ಒಂದರಿಂದ ಸೊನ್ನೆಗೆ ಇಳಿಯಿತು.

ಹಜಾರಕ್ಕೆ ಬಂದು, ಇನ್ನು ಕಳೆಯುವ ಕೆಲಸ ಇಲ್ಲ, ಒಂದು ಅಂದರೆ ಒಂದೇ ಅಂತ ಸಾರಿ ಹೇಳಿದೆ. ಊಟ ಮಾಡುತ್ತಿದ್ದವರು ಕೈ ನಿಲ್ಲಿಸಿದರು. ಎದ್ದು ಬಂದು ಒಬ್ಬೊಬ್ಬರಾಗಿ ಪರದೆ ನೋಡಿದರು. ಎರಡು ವರ್ಷದಲ್ಲಿ ಆ ಜಾಗದಲ್ಲಿ ಸೊನ್ನೆಯನ್ನು ಯಾರೂ ಕಂಡಿರಲಿಲ್ಲ. ಹಾಗಾದರೆ ಈಗ ಒಳಗೆ ಯಾರೂ ಇಲ್ಲವಾ ಅಂತ ಟ್ರಾಲಿಯವನು ಮೆಲ್ಲಗೆ ಕೇಳಿದ. ಇಲ್ಲ ಅಂದೆ. ಊಟ ಮುಗಿಯಿತು, ಗಂಟೆ ಹೊಡೆಯಿತು, ಜಾಕೆಟ್ ಹಾಕಿಕೊಂಡ ಅಷ್ಟೂ ಜನ ಬಾಗಿಲ ಮುಂದೆ ನಿಂತರು. ಮೊದಲು ಒಳಗೆ ಹೋಗಲು ಯಾರಿಗೂ ಕಾಲು ಬರಲಿಲ್ಲ. ಕೊನೆಗೆ ನನ್ನ ನಾದಿನಿಯೇ, ಏನು ನಿಮ್ಮದೆಲ್ಲ ಅಂತ ಗೊಣಗಿಕೊಂಡು, ಸಮಯ ಹೊಡೆದು ಒಳಗೆ ನಡೆದಳು. ಮಾವ ತಮ್ಮ ಕುರ್ಚಿಯಲ್ಲಿ ಕೂತೇ ಇದ್ದರು. ಎಲ್ಲರೂ ಹೋದ ಮೇಲೆ ನನ್ನನ್ನು ಕರೆದರು.

"ಅವನನ್ನ ಎಲ್ಲಿಗೆ ಕಳಿಸಿದೆ ಮಗಳೇ?"

ಅವರ ಮುಖ ನೋಡಿದ್ದರೆ ನಾನು ಬೇರೆ ಥರ ಉತ್ತರ ಕೊಡುತ್ತಿದ್ದೆನೇನೋ. ನೋಡಲಿಲ್ಲ. ಮನೆಗೆ ಕಳಿಸಿದೆ ಮಾವ, ಪಾಪ ಎಷ್ಟು ದಿನ ಅಂತ ಚಳಿಯಲ್ಲಿ ಇರುತ್ತಾನೆ ಅಂತ ತಮಾಷೆ ಮಾಡಿ ಆಫೀಸಿಗೆ ಬಂದುಬಿಟ್ಟೆ.

ಮಧ್ಯಾಹ್ನವೆಲ್ಲ ಅಂಕಿ ಸರಿಯಾಗಿ ಏರಿತು, ಸರಿಯಾಗಿ ಇಳಿಯಿತು. ಐದು ಹತ್ತಕ್ಕೆ ಸೊನ್ನೆಯಾಯಿತು. ಆಮೇಲೆ ನಡೆದದ್ದನ್ನು ಎಲ್ಲರ ಬಾಯಿಂದ ಕೇಳಿ ಜೋಡಿಸಿಕೊಂಡಿದ್ದೇನೆ. ನಾದಿನಿ ಜಾಕೆಟ್ ಬಿಚ್ಚಲು ಹೊರಟವಳಿಗೆ ಮೂರನೇ ಕೋಣೆಯ ತಾಪಮಾನ ಬರೆದುಕೊಂಡಿಲ್ಲ ಅಂತ ನೆನಪಾಯಿತು. ಎರಡು ನಿಮಿಷದ ಕೆಲಸ. ಮಾವ ಹಿಂದಿನ ಗೇಟಿಗೆ ಬೀಗ ಹಾಕಲು ಹೋಗಿದ್ದರು. ಬೇರೆಯವರಾಗಿದ್ದರೆ ಹಾಗೇ ನುಗ್ಗುತ್ತಿದ್ದರು. ಇವಳು ನಾನು ಕಲಿಸಿದ ಹಾಗೆ ಮೇಜಿನ ಹತ್ತಿರ ಬಂದು, ಮಧ್ಯಾಹ್ನದ ಸಮಯಗಳನ್ನು ಅಳಿಸಿ, ತನ್ನ ಹಳದಿ ಚೌಕದಲ್ಲಿ ಐದು ಇಪ್ಪತ್ತೊಂದು ಅಂತ ಹೊಡೆದು ಒಳಗೆ ಹೋದಳು. ಕೋಣೆಯ ಆ ತುದಿಯಲ್ಲಿ, ಪೆಟ್ಟಿಗೆಗಳ ಹಿಂದೆ ಇದೆ ತಾಪಮಾನದ ಮಾಪಕ. ಮಾವ ವಾಪಸು ಬಂದರು. ಸೊನ್ನೆಯಿದ್ದ ಜಾಗದಲ್ಲಿ ಒಂದು ಇತ್ತು. ಮಾವ ದೀಪ ಆರಿಸಿ ಬಾಗಿಲು ಹಾಕಿದರು.

ಐದು ಇಪ್ಪತ್ತೆಂಟಕ್ಕೆ ನಾನು ನನ್ನ ಕಂಪ್ಯೂಟರ್ ಮುಚ್ಚುವ ಮುಂಚೆ ಅಂಕಿ ನೋಡಿದೆ. ದಿನಾ ನೋಡಿಯೇ ಮುಚ್ಚುವುದು. ಒಂದು ಅಂತ ಇತ್ತು. ಸರಿ, ಎಲ್ಲರೂ ಹೊರಗೆ ಬಂದಿದ್ದಾರೆ ಅಂದುಕೊಂಡು ಬ್ಯಾಗ್ ಹೆಗಲಿಗೇರಿಸಿದೆ. ನಾನೇ, ಐದು ಗಂಟೆಯ ಹಿಂದೆ ಅದನ್ನು ಕೈಯಾರೆ ಅಳಿಸಿದವಳು.

ನಾದಿನಿ ದಿನಾ ನನಗಿಂತ ಮುಂಚೆ ಹೊರಟು ಪೇಟೆ ಸುತ್ತಿಕೊಂಡು ಬರುವವಳು, ನಾನು ಒಬ್ಬಳೇ ಮನೆಗೆ ಬಂದು ಮುಖ ತೊಳೆದೆ. ತರಕಾರಿ ಹೆಚ್ಚಿದೆ. ಇವಳು ದಾರಿಯಲ್ಲಿ ಯಾವ ಅಂಗಡಿಯ ಮುಂದೆ ಹರಟುತ್ತ ನಿಂತಿದ್ದಾಳೋ, ಬರಲಿ ಮಾಡುತ್ತೇನೆ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಗಂಡ ಬಂದು, ತಂಗಿ ಎಲ್ಲಿ ಅಂತ ಕೇಳಿದರು. ಬಂದಿಲ್ಲ ಅಂದೆ. ನಿಮ್ಮಲ್ಲಿ ಇನ್ನೂ ಕೆಲಸ ನಡೆಯುತ್ತಿದೆಯಾ ಅಂದರು. ಇಲ್ಲ, ನಾನು ನೋಡಿಯೇ ಬಂದೆ, ಒಂದು ಅಂತ ಇತ್ತು ಅನ್ನುವ ಮಾತು ಬಾಯಿಯವರೆಗೆ ಬಂತು. ಅಲ್ಲೇ ನಿಂತಿತು. ಗಂಡನ ಕೈ ಹಿಡಿದು ಬಾಗಿಲ ಕಡೆ ಎಳೆದೆ. ಅಡುಗೆಮನೆಯ ಗಡಿಯಾರದಲ್ಲಿ ಆರು ಮುಕ್ಕಾಲು.

ಗಾಡಿಯಲ್ಲಿ ಹತ್ತು ನಿಮಿಷದ ದಾರಿ. ಗಂಡ ಏನು, ಏನಾಯಿತು ಅಂತ ಕೇಳುತ್ತಲೇ ಇದ್ದರು, ಬೇಗ, ಬೇಗ ಅಂತಷ್ಟೇ ಅಂದೆ. ಮಾವನ ಮನೆ ಸ್ಟೋರೇಜಿನ ಗೋಡೆಗೆ ಅಂಟಿಕೊಂಡೇ ಇತ್ತು. ಬೀಗದ ಕೈ ಅವರ ಹತ್ತಿರ. ಬಾಗಿಲು ಬಡಿದು, ಒಳಗೆ ಇವಳಿದ್ದಾಳೆ ಅಂದೆ. ಅವರು ನನ್ನನ್ನು ನೋಡಿದರು. ಮತ್ತೆ ಹೇಳಿದೆ, ಮೂರನೇ ಕೋಣೆಯಲ್ಲಿ ನನ್ನ ನಾದಿನಿ ಇದ್ದಾಳೆ ಅಂತ. ಮುದುಕ ಚಪ್ಪಲಿಯೂ ಹಾಕದೆ ನಮಗಿಂತ ಮುಂದೆ ಓಡಿದರು. ಬೀಗದ ಮುಂದೆ ನನ್ನ ಗಂಡ ಅವರ ಕೈಯಿಂದ ಕೀಲಿ ಕಿತ್ತುಕೊಂಡು ತೆಗೆದರು.

ಅವಳು ಬಾಗಿಲಿಗೇ ಒರಗಿ ಕೂತಿದ್ದಳು. ಬಾಗಿಲು ಸರಿದ ಕೂಡಲೇ ನಮ್ಮ ಕಾಲ ಮೇಲೆ ಬಿದ್ದಳು. ರೆಪ್ಪೆಗಳ ಮೇಲೆ ಮಂಜು ಕೂತಿತ್ತು. ಕಣ್ಣು ತೆರೆದಿತ್ತು, ಆದರೆ ನಮ್ಮಲ್ಲಿ ಯಾರನ್ನೂ ನೋಡುತ್ತಿರಲಿಲ್ಲ. ತಟ್ಟಿ ತಟ್ಟಿ ಎಡಗೈಯ ಗ್ಲೌಸ್ ಹರಿದುಹೋಗಿತ್ತು. ಉಸಿರಿದೆ, ಉಸಿರಿದೆ ಅಂತ ಗಂಡ ಹೇಳುತ್ತಲೇ ಇದ್ದರು. ನಾನು ಅವಳ ಮುಖವನ್ನು ನನ್ನ ಕುತ್ತಿಗೆಗೆ ಒತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನನ್ನ ಹಿಂದೆ ಮಾವ ಕತ್ತಲೆಯ ಕೋಣೆಯ ಒಳಗೆ ಇಣುಕಿ ಇಣುಕಿ ನೋಡುತ್ತಿದ್ದರು, ಇನ್ನೂ ಯಾರೋ ಹೊರಗೆ ಬರಬೇಕು ಅನ್ನುವವರ ಹಾಗೆ.

ಅವಳು ಬದುಕಿದಳು. ಎಡಗೈಯ ಎರಡು ಬೆರಳು ಹೋದವು. ಮ್ಯಾನೇಜರ್ ಒಂದೇ ದಿನದಲ್ಲಿ ಎರಡೂ ಕೋಣೆಗಳ ಗುಂಡಿ ಸರಿಮಾಡಿಸಿದ. ಪರೀಕ್ಷಿಸುವವರು ಬಂದು ಹಾಳೆ ನೋಡಿ, ಇದರಲ್ಲಿ ಒಂದು ತಪ್ಪೂ ಇಲ್ಲ ಅಂದರು. ಮಾವ ಮತ್ತೆ ಕೆಲಸಕ್ಕೆ ಬರಲಿಲ್ಲ. ಕೆಲಸಗಾರರಲ್ಲಿ ನಾಲ್ಕೈದು ಜನ ನನ್ನ ಮೇಜಿನ ಹತ್ತಿರ ಬಂದು, ಅಳಿಸಿದ್ದನ್ನು ವಾಪಸು ಹಾಕಿಬಿಡಿ ಮೇಡಂ, ಸೊನ್ನೆ ನೋಡಿಕೊಂಡು ನಮ್ಮ ಕೈಲಿ ಒಳಗೆ ಹೋಗಲಾಗುವುದಿಲ್ಲ ಅಂದರು. ನನಗೆ ಎಲ್ಲಿತ್ತೋ ಸಿಟ್ಟು, ಹಾಕುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ ಅಂತ ಕಿರುಚಿಬಿಟ್ಟೆ.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಮಾತು ಸರಿಯಾಗಿ ಬಂತು. ಬೆಳಿಗ್ಗೆ ಹತ್ತರ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನಾನು ಸ್ಟೂಲಿನ ಮೇಲೆ ಕೂತು ಅವಳ ಬಲಗೈಯನ್ನು ನನ್ನೆರಡು ಕೈಗಳ ಮಧ್ಯೆ ಇಟ್ಟುಕೊಂಡಿದ್ದೆ. ದೀಪ ಹೋದ ಕೂಡಲೇ ಬಾಗಿಲ ಹತ್ತಿರ ಓಡಿ ಬಂದು ತಟ್ಟಿದೆ ಅಂದಳು. ಆ ಕಡೆ ಹೆಜ್ಜೆ ಸದ್ದು ಕೇಳಿತಂತೆ. ಬಾಗಿಲ ಪಕ್ಕದ ಗಾಳಿಕಿಂಡಿಗೆ ಮಾವ ಬಾಯಿಟ್ಟು ಮಾತಾಡಿದರಂತೆ.

"ಏನಂದ್ರು?"

"'ಬಂದ್ಯಾ? ನೀನಿಲ್ಲ ಅಂತ ಕೇಳಿ ನನ್ನ ಜೀವವೇ ಹೋಗಿತ್ತು. ಇರು ಹಾಗಾದ್ರೆ, ಬೆಳಿಗ್ಗೆ ಬರ್ತೀನಿ' ಅಂದ್ರು. ಮಾವ, ನಾನು, ನಾನು ಅಂತ ಕೂಗಿದೆ ಅತ್ತಿಗೆ. 'ಗೊತ್ತು, ಗೊತ್ತು' ಅಂದು ಹೊರಟುಹೋದ್ರು."

ನಾನು ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ಮಾತ್ರ ಯಾರದೋ ಕತೆ ಹೇಳುವವಳ ಹಾಗೆ ಹೇಳುತ್ತಿದ್ದಳು. ಮಾವನ ಮೇಲೆ ಅವಳಿಗೆ ಕೋಪ ಇರಲಿಲ್ಲ. ವಯಸ್ಸಾದವರು, ಅವರನ್ನು ಯಾರೂ ಏನೂ ಅನ್ನಬೇಡಿ ಅಂದಳು. ಆಮೇಲೆ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ತಿರುಗಿದಳು.

"ಅವರು ಹೋದ ಮೇಲೂ ನಂಗೆ ಅಷ್ಟೊಂದು ಭಯ ಆಗ್ಲಿಲ್ಲ. ಅತ್ತಿಗೆ ಕಂಪ್ಯೂಟರಲ್ಲಿ ನೋಡ್ತಾರೆ, ನೋಡ್ದೆ ಮನೆಗೆ ಹೋಗೋರಲ್ಲ ಅಂದ್ಕೊಂಡೆ. ನಾನು ಸರಿಯಾಗಿ ಹೊಡ್ದಿದ್ದೆ. ಒಂದು ಅಂತ ತೋರಿಸಿರುತ್ತೆ, ಈಗ ಓಡಿ ಬರ್ತಾರೆ, ಈಗ ಬರ್ತಾರೆ ಅಂತ ಕಾಯ್ತಾ ಇದ್ದೆ. ನೀವು ಅವತ್ತು ಬೇಗ ಹೊರಟ್ರಾ?"

ಹೌದು ಅಂದುಬಿಡಬಹುದಿತ್ತು. ನಾನು ಎಷ್ಟು ಗಂಟೆಗೆ ಹೊರಟೆ ಅಂತ ಕೇಳಿದವರು ಯಾರೂ ಇರಲಿಲ್ಲ. ಗಂಡನಿಗೂ ಹೇಳಿರಲಿಲ್ಲ. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು.

"ಇಲ್ಲ. ನೋಡಿದೆ. ಒಂದು ಅಂತಲೇ ಇತ್ತು. ಅದನ್ನ ನೋಡಿಯೇ ಕಂಪ್ಯೂಟರ್ ಮುಚ್ಚಿ ಮನೆಗೆ ಬಂದೆ."

ಹೊರಗೆ ಯಾರೋ ಗಾಲಿಮಂಚ ತಳ್ಳಿಕೊಂಡು ಹೋದ ಸದ್ದು ಕೇಳಿತು. ಅವಳು ನನ್ನ ಕೈಗಳ ಮಧ್ಯದಿಂದ ತನ್ನ ಕೈಯನ್ನು ಮೆಲ್ಲಗೆ ತೆಗೆದುಕೊಂಡಳು.